ಕೊಡದ ಬಾಯಿಯ ಅರಿವೆ

ಗೋಡೆಯ ಮೇಲಿನ ಚಿತ್ರ ನೋಡಿ ಬಾಯಾರಿಕೆಯಾಗುತ್ತದೆಂದರೆ ನೀವು ನಗಬಹುದು; ನನಗಂತೂ ಆಗುತ್ತದೆ. ಹಾರೂಗೇರಿಯ ನಮ್ಮ ಮನೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲಿನಿಂದ ಬರೆದ ತಾಮ್ರದ ಕೊಡವೊಂದಿದೆ. ಸೊಟ್ಟ ಕಂಠ, ನೆಗ್ಗಿದ ಹೊಟ್ಟೆ, ಎಲ್ಲವೂ ಅಡುಗೆಮನೆಯಲ್ಲಿದ್ದಂತೆಯೇ.

ಬರೆದವಳು ನನ್ನ ಹೆಂಡತಿ ತ್ರಿಶಲಾ. ಚಿತ್ರಕಲಾ ಶಿಕ್ಷಕನೆಂಬ ಬಿರುದು ಮಾತ್ರ ನನ್ನದು. ಎಂಬತ್ತರ ದಶಕದ ಆ ದಿನಗಳಲ್ಲಿ ನಾನು ಕೃಷ್ಣಾತೀರದ ಸೂರ್ಯಾಸ್ತಗಳನ್ನು ಸಾಲುಸಾಲಾಗಿ ಸೃಷ್ಟಿಸುತ್ತಿದ್ದೆ; ನನ್ನ ಸೂರ್ಯ ಎಷ್ಟು ಸಲ ಮುಳುಗಿದರೂ ಕೇಳುವವರಿರಲಿಲ್ಲ. ಅವಳೋ, ರೊಟ್ಟಿ ಬಡಿದು ಕೈ ತೊಳೆದುಕೊಂಡು, ಹಂಚನ್ನೋ ಲಟ್ಟಣಿಗೆಯನ್ನೋ ಬೆಲ್ಲದ ಡಬ್ಬಿಯನ್ನೋ ಎದುರಿಗಿಟ್ಟುಕೊಂಡು ಇದ್ದದ್ದನ್ನು ಇದ್ದಂತೆ ಬರೆಯುತ್ತಿದ್ದಳು.

ಒಮ್ಮೆ ಅಥಣಿಯ ಪ್ರದರ್ಶನಕ್ಕೆ ಅವಳ ಕೊಡವನ್ನು ಕಳಿಸುವ ಔದಾರ್ಯ ತೋರಿದೆ. ಕೊಡದ ಬಾಯಿಗೆ, ಸಣ್ಣ ಜೀವಿಗಳು ಸಾಯದಿರಲೆಂದು ನೀರು ಸೋಸುವ ಅರಿವೆ ಕಟ್ಟಿತ್ತು. ಅದು ರೇಖಾಲಾವಣ್ಯಕ್ಕೆ ಭಂಗವೆಂದು ಪಾಂಡಿತ್ಯ ಉಕ್ಕಿ, ಅವಳಿಗೆ ತಿಳಿಸದೆ ರಬ್ಬರಿನಿಂದ ಅಳಿಸಿಬಿಟ್ಟೆ. ಪ್ರದರ್ಶನದಲ್ಲಿ ಅವಳು ತನ್ನ ಚಿತ್ರದೆದುರು ಬಹಳ ಹೊತ್ತು ನಿಂತಳು.

“ಅರಿವಿ ಎಲ್ಲಿ ಹೋತ್ರಿ?”

“ಚಂದ ಕಾಣ್ಲಿ ಅಂತ ನಾನ ತಗದ್ನಿ.”

“ಜೈನರ ಮನ್ಯಾಗಿನ ಕೊಡ ಅರಿವಿ ಇಲ್ದ ಇರತೈತೇನ್ರಿ? ಇದು ನನ್ನ ಕೊಡ ಅಲ್ಲ ಬಿಡ್ರಿ.”

ಮನೆಗೆ ಬಂದವಳೇ ಪೆನ್ಸಿಲನ್ನು ಮಕ್ಕಳ ಕಂಪಾಸ್ ಪೆಟ್ಟಿಗೆಗೆ ಹಾಕಿದಳು. ತಿಂಗಳಾದರೂ ಒಂದು ಗೆರೆ ಎಳೆಯಲಿಲ್ಲ. ಊಟ, ಮಾತು ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಸಂಜೆ ಅವಳು ಬರಿಗೈಯಲ್ಲಿ ಕೂತದ್ದು ಕಂಡಾಗ, ಇವಳು ಇನ್ನೆಂದೂ ಬರೆಯಲಾರಳೇನೋ ಎಂದು ನನಗೆ ನಿಜಕ್ಕೂ ಭಯವಾಗುತ್ತಿತ್ತು.

ಒಂದು ಭಾನುವಾರ ಕೊಡದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಪ್ರದರ್ಶನದಿಂದ ಮರಳಿದ ಚಿತ್ರದಲ್ಲಿ ಅಳಿಸಿದ್ದನ್ನು ನಾನೇ ತುಂಬಹೊರಟೆ. ಎರಡು ಪದರದ ದಪ್ಪ ಬಟ್ಟೆ, ಅಂಚಿಗೆ ನೀಲಿ ದಾರದ ಸಣ್ಣ ಹೊಲಿಗೆ. ಹನ್ನೆರಡು ವರ್ಷ ಅದರಿಂದ ಸೋಸಿದ ನೀರು ಕುಡಿದವನು ಅದನ್ನು ಕಣ್ಣಿಟ್ಟು ನೋಡಿದ್ದು ಅಂದೇ. ಮೂರು ಸಲ ಬರೆದು ಮೂರು ಸಲವೂ ಕೆಡಿಸಿದೆ.

ಅವಳು ಹಿಂದಿನಿಂದ ಬಗ್ಗಿ ನೋಡಿದಳು. “ಇದು ಒಣಗಿದ ಅರಿವೀರಿ. ನೀರ ಬಿದ್ದ ಮ್ಯಾಲೆ ಅದು ಹಿಂಗ ಕುಂದ್ರಂಗಿಲ್ಲ. ನೀವು ಎಂದರ ನೀರ ಸೋಸೀರೇನ್ರಿ?”

ಸೋಸಿರಲಿಲ್ಲ. ಎದ್ದು ಬಕೆಟ್ ನೀರು ತಂದು ಅರಿವೆಯ ಮೇಲೆ ಹೊಯ್ದೆ. ಅರ್ಧ ನೀರು ನೆಲಕ್ಕೆ, ಉಳಿದದ್ದು ನನ್ನ ಕಾಲಿಗೆ. ಅವಳು ನಕ್ಕಳು. ಆ ನಗುವಿಗೆ ನಾನು ಇಂದಿಗೂ ಕೃತಜ್ಞ. ನಾಚಿಕೆಯಿಂದ ಬಕೆಟ್ ಕೆಳಗಿಡಲು ಹೋದೆ.

“ನಿಲ್ಲಸಬ್ಯಾಡ್ರಿ, ಸಾವಕಾಶ ಹಾಕ್ರಿ,” ಎಂದಳು, ಕಂಪಾಸ್ ಪೆಟ್ಟಿಗೆಯಿಂದ ಪೆನ್ಸಿಲ್ ತೆಗೆಯುತ್ತ.