ಒಂದೇ ಬೆಂಚಿನ ಇಂಗ್ಲಿಷು

ರಾಯಚೂರಿನಿಂದ ಬಂದು ಕಂಟೋನ್ಮೆಂಟಿನ ಕಾಲೇಜು ಸೇರಿದ ಮೊದಲ ವರ್ಷ ನನ್ನ ಪಕ್ಕ ಶೈಲಜಾ ಅಂತ ಒಬ್ಬಳು ಕೂರುತ್ತಿದ್ದಳು. ಬಾಬ್ ಕಟ್ ಕೂದಲು, ಜೀನ್ಸು. ಮಾತಾಡಿಸಿದರೆ ಇಂಗ್ಲಿಷಿನಲ್ಲೇ ಮುಂದುವರಿಸಬೇಕಾಗುತ್ತದೆ ಎಂದು ಹೆದರಿ ನಾನು ಬರೀ "ಹಲೋ", "ಥ್ಯಾಂಕ್ಯೂ" ಅಂದುಕೊಂಡೇ ದಿನ ದೂಡಿದೆ. ಅವಳೂ ಅಷ್ಟೇ ಹೇಳುತ್ತಿದ್ದಳು. ಜಂಬದವಳು ಅಂದುಕೊಂಡೆ. ದಸರಾ ರಜೆಗೆ ಊರಿಗೆ ಹೋದರೆ ವಾಪಸ್ ಬರುವುದೇ ಬೇಡ ಎಂದು ತೀರ್ಮಾನಿಸಿದ್ದೆ.

ಒಂದು ಸಂಜೆ ಶಿವಾಜಿನಗರದಲ್ಲಿ ಕಲ್ಯಾಣ ನಗರದ ಬಸ್ಸಿಗೆ ನುಗ್ಗುವಾಗ ಯಾರೋ ನನ್ನ ಕಾಲು ತುಳಿದರು.

"ಯವ್ವಾ! ಕಣ್ಣು ಕಾಣಂಗಿಲ್ಲೇನು?" ಅಂತ ಕಿರುಚಿದೆ.

ತಿರುಗಿದವಳು ಶೈಲಜಾ.

"ನೀ ನಮ್ಮ ಕಡೆಯಾಕೇನು?"

"ನಿಂದ್ಯಾವೂರು?"

"ಸಿಂಧನೂರು. ಮತ್ತ ಇಷ್ಟು ದಿನ ಯಾಕ ಮಾತಾಡ್ಲಿಲ್ಲ?"

"ನೀ ಇಂಗ್ಲಿಷ್ ಮಾತಾಡಾಕಿ ಅಂದ್ಕೊಂಡಿದ್ದೆ."

"ನಾನೂ ನಿನ್ನ ಹಂಗ ತಿಳ್ಕೊಂಡಿದ್ದೆ," ಅಂದಳು. "ಈ ಕೂದ್ಲ ಇಲ್ಲಿಗೆ ಬಂದ ಮ್ಯಾಲೆ ಕತ್ತರಿಸಿದ್ದು. ನಮ್ಮವ್ವಗ ಇನ್ನೂ ಹೇಳಿಲ್ಲ."

ಮಾತಿನ ಭರದಲ್ಲಿ ಇಬ್ಬರೂ ಇಳಿಯುವ ಸ್ಟಾಪು ದಾಟಿ ಹೋಯಿತು.

ಮರುವಾರ ಇಂಗ್ಲಿಷ್ ಮೇಡಂ, ವಿಪರೀತ ಮಾತಾಡುತ್ತೀರಿ ಎಂದು ನಮ್ಮಿಬ್ಬರನ್ನೂ ಕ್ಲಾಸಿನಿಂದ ಹೊರಗೆ ಕಳಿಸಿದರು. ಈ ಕಾಲೇಜು ನಮ್ಮದೂ ಹೌದು ಅಂತ ನನಗೆ ಮೊದಲ ಸಲ ಅನಿಸಿದ್ದು, ಆ ಕಾರಿಡಾರಿನಲ್ಲಿ ನಿಂತಾಗಲೇ.