ಕಮಲಾಪುರದ ಕತೆಗಾರರು

ನಾನು ಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಹೇಳಲು ಸಲೀಸು. ಕಲಬುರಗಿಯ ಕಚೇರಿಯಲ್ಲಿ ದಿನವಿಡೀ ಉರ್ದುವಿನಲ್ಲಿ ಅರ್ಜಿಗಳ ನಕಲು ತೆಗೆದು, ಶಹಾಬಜಾರದ ಮನೆಗೆ ಬಂದು, ಧಾರವಾಡದಿಂದ ಅಂಚೆಯಲ್ಲಿ ಬರುತ್ತಿದ್ದ ಕನ್ನಡ ಮಾಸಪತ್ರಿಕೆ ಬಿಚ್ಚುತ್ತಿದ್ದೆ. ಅದರಲ್ಲಿ ಬಸಲಿಂಗಪ್ಪನವರ ದೆವ್ವದ ಕತೆಯಿದ್ದರೆ ಗೋಡೆಗೆ ಬೆನ್ನು ಹಚ್ಚಿಯೇ ಓದುವುದು. ಆಮೇಲೆ ಹಾಡಹಗಲಲ್ಲೂ ಹಿತ್ತಲಿಗೆ ಹೆಂಡತಿ ಜೊತೆಗೆ ಬರಬೇಕು.

“ಇಷ್ಟು ಅಂಜೋರು ಯಾಕ ಓದ್ತೀರಿ?” ಎನ್ನುತ್ತಿದ್ದಳು.

ಓದದೆ ಇರಲಾಗುತ್ತಿರಲಿಲ್ಲ. ಬೇರೆಯವರ ದೆವ್ವಗಳು ಹಲ್ಲು ಕಿರಿಯುತ್ತವೆ. ಎರಡನೆಯ ಸಲಕ್ಕೆ ನಗು ಬರುತ್ತದೆ. ಬಸಲಿಂಗಪ್ಪನವರಲ್ಲಿ ದೆವ್ವ ಕಾಣಿಸುವುದೇ ಇಲ್ಲ. ಒಬ್ಬಾತ ಎರಡು ತಾಟು ಇಟ್ಟುಕೊಂಡು ಉಣ್ಣಲು ಕೂರುತ್ತಾನೆ, ಎದುರಿನ ತಾಟಿನ ರೊಟ್ಟಿ ಆರಿಹೋಗುತ್ತದೆ, ಕತೆ ಮುಗಿಯುತ್ತದೆ. ಅಷ್ಟಕ್ಕೇ ನಾನು ಆ ರಾತ್ರಿ ದೀಪ ಆರಿಸಲು ಬಿಡುತ್ತಿರಲಿಲ್ಲ.

ಒಮ್ಮೆ ರಜೆ ಸಿಕ್ಕಾಗ ಟಾಂಗಾ ಹಿಡಿದು, ದಾರಿಯ ಹಳ್ಳಿಯೊಂದರಲ್ಲಿ ತಂಗಿ, ಬೆಳಿಗ್ಗೆ ಅವರ ಊರು ಕಮಲಾಪುರ ಮುಟ್ಟಿದೆ. ಕತೆಗಾರರು ತೋಟದಲ್ಲಿ ಕೆಂಬಾಳೆಯ ಗೊನೆ ಕೊಯ್ಯುತ್ತಿದ್ದರು. ನನ್ನ ಹೊಗಳಿಕೆಯನ್ನೆಲ್ಲ ನನ್ನತ್ತ ತಿರುಗದೆ ಕೇಳಿದರು.

“ನಿಮ್ಮ ಕತ್ಯಾಗ ದೆವ್ವ ಯಾಕ ಬರಂಗಿಲ್ರಿ?” ಎಂದೆ.

ಅವರು ಕುಡಗೋಲು ಕೆಳಗಿಟ್ಟರು.

“ಪ್ಲೇಗಿನಾಗ ನನ್ನ ಹೆಂಡ್ತಿಗೆ ಗಡ್ಡಿ ಎದ್ದಿತ್ರಿ. ಊರ ಹೊರಗ ಗುಡಿಸಲದಾಗ ಇಟ್ಟಿದ್ದೆ. ನೀರು ತರ್ತೀನಿ ಅಂತ ಹೇಳಿ ಹೊರಗ ಬಂದಾಂವ, ಅಂಜಿ ಓಡಿಬಿಟ್ಟೆ. ಮೂರು ದಿನಕ್ಕ ತಿರುಗಿ ಬಂದ್ರ ಗುಡಿಸಲ ಸುಟ್ಟಿದ್ರು. ದೆವ್ವಾಗಿಯಾದ್ರೂ ಬಂದು ಬೈಲಿ ಅಂತ ಹನ್ನೊಂದು ವರ್ಷದಿಂದ ಕಾಯಾಕತ್ತೀನಿ. ಬರಲಾರದಾಕೀನ್ನ ಬಂದಾಳಂತ ಹ್ಯಾಂಗ ಬರೀಲ್ರಿ?”

ಅವರ ಜಾಗದಲ್ಲಿ ನಾನಿದ್ದರೂ ಓಡುತ್ತಿದ್ದೆ. ಆ ಕತೆಗಳು ನನ್ನನ್ನೇ ಹುಡುಕಿಕೊಂಡು ಬಂದಂತಿದ್ದುದು ಅದಕ್ಕೇ ಇರಬೇಕು.

ಕುಡಗೋಲು ಮತ್ತೆ ಎತ್ತಿಕೊಳ್ಳುತ್ತ ಅವರು ಕೇಳಿದರು: “ಮನ್ಯಾಗ ಯಾರದಾರ?”

“ಹೆಂಡ್ತಿ ಒಬ್ಬಾಕಿ ಇದ್ದಾಳ್ರಿ. ಮೊನ್ನಿಂದ ಮೈ ಬೆಚ್ಚಗದ. ಸಣ್ಣ ಜ್ವರ.”

“ಹಂಗ ಬಿಟ್ಟು ಬಂದೀರಿ?” ಅವರ ಮುಖ ಬಿಳಿಚಿತು. “ಉಂಡು ಹೋಗ್ರಿ ಅನ್ನಂಗಿಲ್ಲ ನಾ. ಮೊದಲ ಹೊರಡ್ರಿ.”

ಟಾಂಗಾದವನನ್ನು ದಾರಿಯುದ್ದಕ್ಕೂ ಕಾಡಿ, ಕತ್ತಲಾಗುವುದರೊಳಗೆ ಮನೆ ಸೇರಿದೆ. ಜ್ವರ ಇಳಿದಿತ್ತು. ಅವಳು ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು.

“ಸಿಕ್ರೇನು ನಿಮ್ಮ ಕತಿಗಾರ್ರು? ಏನಂದ್ರು?”

“ಮನಿಗೆ ಹೋಗು ಅಂದ್ರು.”

“ಅಷ್ಟು ದೂರ ಹೋದೋರಿಗೆ ಹಂಗಂದ್ರ? ಭಾಳ ಸೊಕ್ಕಿನ ಮನಿಷ್ಯಾ ಬಿಡ್ರಿ!” ಎಂದು ನಕ್ಕಳು.

ನಾನು ತಿದ್ದಲಿಲ್ಲ. ಅವಳ ಹಣೆಯ ಮೇಲಿಟ್ಟ ಕೈಯನ್ನೂ ತೆಗೆಯಲಿಲ್ಲ.