ಛತ್ರಿ ಬಟ್ಟೆಯ ಪರದೆ

ಅರಸೀಕೆರೆಯ ನನ್ನ ರಿಪೇರಿ ಅಂಗಡಿಗೆ ಹಳೇಬೀಡಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ತಮ್ಮ ಹಳೆಯ ರೀಲು ಕ್ಯಾಮೆರಾ ತಂದಿದ್ದರು. ರೀಲಿಗೆ ಬೆಳಕು ತಾಗದಂತೆ ಒಳಗೆ ಕಾಯುವ ಶಟರ್ ಪರದೆ ಬಿರುಕು ಬಿಟ್ಟಿತ್ತು. ಅದಕ್ಕೆ ರಬ್ಬರು ಮೆತ್ತಿದ ಬಟ್ಟೆಯೇ ಬೇಕು. ಅದನ್ನು ತರಿಸಲು ಸೋಮಾರಿತನವಾಗಿ ಮುರಿದ ಛತ್ರಿಯೊಂದರ ಬಟ್ಟೆ ಕತ್ತರಿಸಿ ಅಂಟಿಸಿದೆ. ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ, ಬೆಳಕು ತೂರಲಿಲ್ಲ. ಬಿಸಿಲಿಗೆ ಹಿಡಿಯಲಿಲ್ಲ.

ತಿಂಗಳ ನಂತರ ಮೇಷ್ಟ್ರು ಫೋಟೋಗಳ ಸಮೇತ ಬಂದರು. ಅವರು ತೆಗೆದಿದ್ದ ದೇವಸ್ಥಾನದ ವಿಗ್ರಹಗಳ ಮೈತುಂಬ ಬಿಳಿ ಮಚ್ಚೆ. ಛತ್ರಿ ಬಟ್ಟೆ ಬಿಸಿಲು ತಡೆದಿಲ್ಲವೆಂದು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅಷ್ಟರಲ್ಲಿ ಅವರೇ, "ಬಿಸಿಲಲ್ಲಿ ರೀಲು ಹಾಕ್ಬಿಟ್ಟೆ ಅನ್ಸುತ್ತೆ ಕಣ್ರೀ. ವಯಸ್ಸಾಯ್ತು, ಕೈ ನಿಧಾನ" ಎಂದರು.

ಅಲ್ಲ ಎನ್ನಬೇಕಿತ್ತು. "ಹಂಗೇ ಆಗಿರುತ್ತೆ ಸಾರ್, ಇನ್ಮೇಲೆ ನೆರಳಲ್ಲಿ ಹಾಕಿ" ಎಂದೆ. ಬುದ್ಧಿ ಬೇರೆ ಹೇಳಿದೆ, ಥೂ!

ಹೋದ ವಾರ ಅವರು ಬೇಲೂರಿನ ದೇವಸ್ಥಾನದ ಅಂಗಳದಲ್ಲಿ ಕಂಡರು. ಕಾದ ಹಾಸುಗಲ್ಲಿನ ಮೇಲೆ ಕೂತು, ಕತ್ತಿಗೂ ಭುಜಕ್ಕೂ ನಡುವೆ ಹಳೆಯ ಛತ್ರಿ ಸಿಕ್ಕಿಸಿಕೊಂಡು, ಅದರಡಿ ರೀಲು ಹಾಕುತ್ತಿದ್ದರು. ನನ್ನನ್ನು ನೋಡಿ ಖುಷಿಯಿಂದ, "ನೋಡಿ, ನೀವು ಹೇಳ್ದಂಗೇ ಮಾಡ್ತಿದೀನಿ" ಎಂದರು.

ಛತ್ರಿಯ ಬಟ್ಟೆ ತೂರಿ ಬಂದ ಬಿಸಿಲು ಅವರ ಕೈಮೇಲೆ ಚುಕ್ಕಿಚುಕ್ಕಿಯಾಗಿ ಬಿದ್ದಿತ್ತು.